ಕಾವಲಿನವನ ಕಣ್ಣು

ಗಂಡ ಸತ್ತು ಎರಡು ತಿಂಗಳಾಗುವುದರೊಳಗೆ ದ್ಯಾವಮ್ಮನಿಗೆ ಅವನ ಮುಖ ಮರೆಯತೊಡಗಿತು.

ದನಿ ಮರೆತಿರಲಿಲ್ಲ. ಕೆಮ್ಮು ಮರೆತಿರಲಿಲ್ಲ. ಬೀಡಿ ಹಚ್ಚುವಾಗ ಗಾಳಿಗೆ ಬೆನ್ನು ಕೊಟ್ಟು ಬಗ್ಗುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗಿತ್ತು. ಬಗ್ಗಿದ ಆ ತಲೆ ಇತ್ತ ತಿರುಗಿದರೆ ಮಾತ್ರ ಅಲ್ಲಿ ಏನೂ ಇರುತ್ತಿರಲಿಲ್ಲ. ಬೂದಿ ಹಾಕಿ ತಿಕ್ಕಿದ ಚೊಂಬಿನ ತಳದ ಹಾಗೆ ನುಣ್ಣಗೆ ಇರುತ್ತಿತ್ತು. ಮೊದಲು ಬಾಯಿ ಹೋಯಿತು. ಆಮೇಲೆ ಮೂಗು. ಕಣ್ಣು ಸ್ವಲ್ಪ ದಿನ ಉಳಿದಿತ್ತು. ಒಂದು ಬೆಳಿಗ್ಗೆ ಮುದ್ದೆಗೆ ಎಸರಿಡುತ್ತ ನೆನೆದುಕೊಂಡರೆ ಅದೂ ಇಲ್ಲ.

ಮನೆಯಲ್ಲಿ ಅವನದೊಂದು ಫೋಟೋ ಇರಲಿಲ್ಲ. ಮದುವೆಯಲ್ಲಿ ಫೋಟೋ ತೆಗೆಸುವಷ್ಟು ದುಡ್ಡು ಇರಲಿಲ್ಲ. ಹಿಂದಿನ ವರ್ಷ ಓಟಿನ ಗುರುತಿನ ಚೀಟಿಗೆಂದು ಕ್ಯಾತನಹಳ್ಳಿಯವರನ್ನೆಲ್ಲ ಸ್ಕೂಲಿನ ಜಗಲಿಯಲ್ಲಿ ಕೂರಿಸಿ ಫೋಟೋ ತೆಗೆದಾಗ, ಸರಿಯಾಗಿ ಆ ಗಳಿಗೆಗೇ ಚಲುವಯ್ಯ ಸೀನಿದ. ಚೀಟಿಯಲ್ಲಿ ಬಂದದ್ದು ಮಸಿಬಟ್ಟೆ ಒರೆಸಿದಂಥ ಒಂದು ಗುರುತು. ಆಗ ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಹೇಗೆ ನಕ್ಕಿದ್ದ ಎಂಬುದು ಈಗ ಅವಳಿಗೆ ಬರುತ್ತಿರಲಿಲ್ಲ.

ಅತ್ತೆ ಮಂಚಮ್ಮನನ್ನು ಕೇಳಿದಳು. ಮಂಚಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕತ್ತಲೆ ಬಿಟ್ಟರೆ ಬೇರೆ ಕಾಣುತ್ತಿರಲಿಲ್ಲ. ಮಗ ಹೇಗಿದ್ದ ಎಂದರೆ ಮೂಗು ಸುರಿಸಿಕೊಂಡು ಸೊಂಟದ ಮೇಲೆ ಕೂತಿದ್ದ ಕೂಸನ್ನು ಹೇಳಿದಳು. ದ್ಯಾವಮ್ಮನಿಗೆ ಬೇಕಾದದ್ದು ಆ ಕೂಸಲ್ಲ. ತನ್ನ ಗಂಡ.

ಪಿತೃಪಕ್ಷ ಹತ್ತಿರ ಬರುತ್ತಿತ್ತು. ಅವನಿಗೆ ಮೊದಲನೇ ಎಡೆ ಇಡಬೇಕು. ಯಾವ ಮುಖದ ಮುಂದೆ ಇಡುವುದು?

ಚಲುವಯ್ಯ ನಾಗಮಂಗಲದ ಕಡೆಯವನು. ಅಪ್ಪ ಸತ್ತ ಮೇಲೆ ತಾಯಿಯ ಜೊತೆ ಕಬ್ಬು ಕಡಿಯಲು ಕ್ಯಾತನಹಳ್ಳಿಗೆ ಬಂದು ಇಲ್ಲೇ ನಿಂತ. ಅವನ ಸೋದರಮಾವ ಆ ಹಳೇ ಊರಿನಲ್ಲಿ ಸೋಮನ ಮುಖಕ್ಕೆ ಬಣ್ಣ ಹಾಕುತ್ತಿದ್ದ. ಅಮ್ಮನ ಗುಡಿಯ ಮುಂದೆ ಸೋಮ ಕುಣಿಯುವವರು ಹೊರುವ ದೊಡ್ಡ ಮರದ ಮುಖ ಅದು. ವರ್ಷಕ್ಕೊಮ್ಮೆ ಹಳೇ ಬಣ್ಣ ತೆಗೆದು ಹೊಸದು ಬಳಿಯಬೇಕು. ಹುಡುಗನಾಗಿದ್ದಾಗ ಚಲುವಯ್ಯ ಮಾವನ ಪಕ್ಕ ಕೂತು ಕಲಿತ. ಕೆಂಪು, ಹಳದಿ, ಮೀಸೆ, ಕೋರೆ, ಎಲ್ಲ ಆದ ಮೇಲೆ ಕೊನೆಗೆ ಕಣ್ಣು. ಕಣ್ಣು ಬರೆಯುವಾಗ ಎದುರಿಗೆ ಯಾರೂ ನಿಲ್ಲಬಾರದು. ಬರೆಯುವವನೂ ಮಗ್ಗುಲಲ್ಲಿ ಕೂತು ಕೈ ಚಾಚಿ ಬರೆಯಬೇಕು. ಮುಖದ ಮುಂದೆ ಅನ್ನದ ಗುಡ್ಡೆ, ಬೆಲ್ಲ, ತೆಂಗಿನಕಾಯಿ ಇಟ್ಟಿರಬೇಕು. ಕಣ್ಣು ಬಿಟ್ಟವನು ಮೊದಲು ಏನನ್ನು ನೋಡುತ್ತಾನೋ ಕೊನೆಯವರೆಗೂ ಅದನ್ನೇ ಕೇಳುತ್ತಾನೆ. ಅನ್ನ ನೋಡಿದರೆ ಅನ್ನ ಕೇಳುತ್ತಾನೆ. ಆಳನ್ನು ನೋಡಿದರೆ ಆಳನ್ನೇ ಕೇಳುತ್ತಾನೆ. ಮಾವ ಹೇಳಿಕೊಟ್ಟದ್ದು ಇಷ್ಟು. ಚಲುವಯ್ಯ ಬದುಕಿರುವವರೆಗೂ ಇದನ್ನು ಮೀರಲಿಲ್ಲ.

ಕ್ಯಾತನಹಳ್ಳಿಯಲ್ಲಿ ಕಬ್ಬು ಕಡಿಯುವ ಕೆಲಸ ಇಲ್ಲದಾಗ ಟ್ರಾಕ್ಟರು ಟ್ರೇಲರುಗಳ ಹಿಂದೆ ಹೆಸರು ಬರೆಯುತ್ತಿದ್ದ. ಹೆಸರಿನ ಪಕ್ಕ ಒಂದು ಗರುಡ ಬರೆಯುತ್ತಿದ್ದ. ಪಾಂಡವಪುರದ ಜಮೀನುದಾರರ ಮನೆಯ ರಘುನಂದನ್ ಆ ಗರುಡನ ಕಣ್ಣು ನೋಡಿ ಇವನನ್ನು ಹುಡುಕಿಸಿದ. ರಘುನಂದನ್ ಹೊರದೇಶದಲ್ಲಿ ಎರಕದ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿ ಇದ್ದು ವಾಪಸು ಬಂದವನು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, ಮಾವಿನ ತೋಟದೊಳಗೆ ಒಂದು ಶೆಡ್ಡು ಹಾಕಿಕೊಂಡಿದ್ದ. ಅಲ್ಲಿ ಸೀಸ ತವರ ಕರಗಿಸಿ ಬೆರಳಿನ ಎರಡು ಗೆಣ್ಣಿನಷ್ಟು ಎತ್ತರದ ಸಿಪಾಯಿಗಳನ್ನು ಎರಕ ಹೊಯ್ಯುತ್ತಿದ್ದರು. ಬಣ್ಣ ಹಾಕಿ, ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಗೆ ತುಂಬಿ ಹೊರದೇಶಕ್ಕೆ ಕಳಿಸುತ್ತಿದ್ದರು. ಅಲ್ಲಿ ಗಡ್ಡ ನರೆತ ಗಂಡಸರು ಇವನ್ನು ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ದಾಳ ಉರುಳಿಸಿ, ಯುದ್ಧ ಆಡುತ್ತಾರಂತೆ. ನಾವು ಚೌಕಾಬಾರ ಆಡುವ ಹಾಗೆ. ಮೊದಲ ಸಲ ಕೇಳಿದಾಗ ಶೆಡ್ಡಿನ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದರು.

ಸಿಪಾಯಿಗಳು ಯಾವ ಕಾಲದವರು ಎಂದು ಚಲುವಯ್ಯ ಕೇಳಿದ್ದ. ಬಣ್ಣ ಹಾಕುವವನಿಗೆ ಅದು ಗೊತ್ತಿರಬೇಕು ಎಂಬುದು ಅವನ ವಾದ. ಒಂದು ದೊಡ್ಡ ಯುದ್ಧ ಮುಗಿದು ಇನ್ನೊಂದು ದೊಡ್ಡ ಯುದ್ಧ ಶುರುವಾಗುವ ಮೊದಲು, ನಡುವೆ ಇಪ್ಪತ್ತು ವರ್ಷ ಇತ್ತಲ್ಲ, ಆ ಕಾಲದವರು ಎಂದು ರಘುನಂದನ್ ಹೇಳಿದ. ಚೀನಾದವರು, ಸ್ಪೇನಿನವರು, ಚೂಪು ಟೋಪಿಯ ರಷ್ಯಾದವರು, ಎಲ್ಲ ಇದ್ದರು. ಮೈಸೂರಿನ ಸಂಸ್ಥಾನದವರೂ ಇದ್ದರು. ಖಾಕಿ ಕೋಟು, ಮೊಣಕಾಲವರೆಗೆ ಸುತ್ತಿದ ಪಟ್ಟಿ, ತಲೆಗೆ ರುಮಾಲು. ಅವರಲ್ಲಿ ಒಬ್ಬ ಕಾವಲಿನವನು. ಬಂದೂಕು ನೆಲಕ್ಕೆ ಊರಿ ನೆಟ್ಟಗೆ ನಿಂತವನು. ಚಲುವಯ್ಯ ಅವನನ್ನು ಬೆರಳ ಮೇಲೆ ಇಟ್ಟುಕೊಂಡು ನೋಡಿ, ಇವನು ಯಾರಿಗೆ ಕಾವಲು, ಯುದ್ಧವೇ ಇಲ್ಲವಲ್ಲ ಎಂದಿದ್ದ. ರಘುನಂದನ್ ನಕ್ಕು, ಇಲ್ಲ, ಅದೇ ಇವನ ಪುಣ್ಯ ಎಂದಿದ್ದ.

ಆಮೇಲೆ ದ್ಯಾವಮ್ಮನೂ ಶೆಡ್ಡಿಗೆ ಸೇರಿದಳು. ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬುತ್ತಿ ಕಟ್ಟಿಕೊಂಡು ಪಾಂಡವಪುರದ ಮೇಲೆ ಬಸ್ಸಿನಲ್ಲಿ ಬರುವರು. ಹೆಂಗಸರು ಸಿಪಾಯಿಗಳ ಮೈಮೇಲಿನ ಎರಕದ ಸಿವುರು ಉಜ್ಜಿ, ಸೋಪಿನ ನೀರಲ್ಲಿ ತೊಳೆದು, ಸೋಡಾ ಬಾಟಲಿ ಮುಚ್ಚಳಕ್ಕೆ ಅಂಟಿಸಿ ನಿಲ್ಲಿಸುವರು. ಒಬ್ಬಳು ಬೂದು ಬಳಿದರೆ ಇನ್ನೊಬ್ಬಳು ಖಾಕಿ, ಮತ್ತೊಬ್ಬಳು ಬೂಟು ಬೆಲ್ಟು. ದ್ಯಾವಮ್ಮನದು ಖಾಕಿ. ಕೊನೆಗೆ ತಟ್ಟೆ ಚಲುವಯ್ಯನ ಮುಂದೆ ಬರುತ್ತಿತ್ತು. ಕಣ್ಣು ಅವನೊಬ್ಬನದೇ. ಮುಖ ಅವರೆಕಾಳಿಗಿಂತ ಚಿಕ್ಕದು. ಅದರಲ್ಲಿ ಒಂದು ಬಿಳಿ ಗೀರು, ಗೀರಿನ ನಡುವೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಕೂದಲಷ್ಟು ಆಚೆ ಹೋದರೆ ಸಿಪಾಯಿಗೆ ಮೆಳ್ಳೆಗಣ್ಣು. ಹತ್ತಿರ ಆದರೆ ಹೆದರಿದವನು. ಅವನ ಕೈಯಲ್ಲಿ ಎಲ್ಲರೂ ಸುಮ್ಮನೆ ನೋಡುತ್ತ ನಿಂತವರ ಹಾಗೆ ಆಗುತ್ತಿದ್ದರು.

ಇಲ್ಲೂ ಅವನು ಮಗ್ಗುಲಲ್ಲೇ ಕೂರುತ್ತಿದ್ದ. ತಟ್ಟೆಯ ಮುಂದೆ ಒಂದು ಹಿಡಿ ಪುರಿ, ಒಂದು ಚೂರು ಬೆಲ್ಲ ಇಟ್ಟೇ ಕುಂಚ ಎತ್ತುತ್ತಿದ್ದ. ಬೂಟಿಗೆ ಬಣ್ಣ ಹಾಕುತ್ತಿದ್ದ ಕುಳ್ಳಮ್ಮ, ಸಿಪಾಯಿಗಳು ಉಂಡುಬಿಟ್ಟರೆ ನಮಗೇನು ಉಳಿಯುತ್ತದೆ ಎಂದು ರೇಗಿಸುವಳು. ಕೆಲಸ ಮುಗಿದ ಮೇಲೆ ಆ ಪುರಿ ಹಂಚಿಕೊಂಡು ತಿನ್ನುವವಳೂ ಅವಳೇ.

ಇನ್ನೊಂದು ಪದ್ಧತಿ ಅವನೇ ಮಾಡಿಕೊಂಡದ್ದು. ತಟ್ಟೆಗೊಬ್ಬನನ್ನು ಕಣ್ಣಿಲ್ಲದೆ ಬಿಡುತ್ತಿದ್ದ. ದಂಡಿನವರಿಗೆಲ್ಲ ಕಣ್ಣು ಬಂದರೆ ದಂಡು ಹೊರಟುಬಿಡುತ್ತದಂತೆ. ಒಬ್ಬ ಕುರುಡನಿದ್ದರೆ ಅವನನ್ನು ಬಿಟ್ಟು ಹೋಗಲಾರದೆ ಮಿಕ್ಕವರು ನಿಲ್ಲುತ್ತಾರಂತೆ. ಹೊರದೇಶದವರು ಕುರುಡನನ್ನು ಒಪ್ಪುವುದಿಲ್ಲ ಎಂದು ರಘುನಂದನ್ ಹೇಳಿದ ಮೇಲೆ, ಆ ಒಬ್ಬನನ್ನು ಕೇಳಿ ಮನೆಗೆ ತರುತ್ತಿದ್ದ. ಕ್ಯಾತನಹಳ್ಳಿಯ ಮನೆಯ ಗೋಡೆಗೂಡಿನಲ್ಲಿ, ದೀಪದ ಪಕ್ಕ, ಕಣ್ಣಿಲ್ಲದ ಸಿಪಾಯಿಗಳ ಸಾಲು ಬೆಳೆಯಿತು. ದ್ಯಾವಮ್ಮ ವಾರಕ್ಕೊಮ್ಮೆ ಧೂಳು ಒರೆಸುವಳು. ಕಣ್ಣಿಲ್ಲದವರ ಮುಂದೆ ಸೀರೆ ಬದಲಾಯಿಸಲು ನಾಚಿಕೆಯಿಲ್ಲ ಎಂದು ಗಂಡನಿಗೆ ಹೇಳಿ ನಕ್ಕಿದ್ದಳು.

ಅವನು ಸತ್ತದ್ದು ಶ್ರಾವಣದಲ್ಲಿ, ಶೆಡ್ಡಿನಲ್ಲಿ, ಕೂತಲ್ಲೇ. ಕುಂಚ ಕೈಯಲ್ಲೇ ಇತ್ತು. ತಟ್ಟೆಯಲ್ಲಿ ಅರ್ಧ ಜನಕ್ಕೆ ಕಣ್ಣು ಬಂದಿತ್ತು. ಎದೆ ಹಿಡಿದುಕೊಳ್ಳಲಿಲ್ಲ, ಕೂಗಲಿಲ್ಲ. ಗೋಡೆಗೆ ಒರಗಿದ, ಅಷ್ಟೆ. ಕಣ್ಣು ಮಾತ್ರ ಮುಚ್ಚಲಿಲ್ಲ. ರಘುನಂದನ್ ಬಂದು ಮುಚ್ಚಿದ, ಮತ್ತೆ ತೆರೆಯಿತು. ಕುಳ್ಳಮ್ಮ ಮುಚ್ಚಿದಳು, ಮತ್ತೆ ತೆರೆಯಿತು. ಕೊನೆಗೆ ದ್ಯಾವಮ್ಮ ಎದ್ದು ಬಂದು ಎರಡು ರೆಪ್ಪೆಯ ಮೇಲೂ ಹೆಬ್ಬೆರಳು ಒತ್ತಿ ಹಿಡಿದು ಕೂತಳು. ಎಷ್ಟು ಹೊತ್ತು ಕೂತಳೋ. ಕೈ ತೆಗೆದಾಗ ಮುಚ್ಚಿಕೊಂಡಿದ್ದವು. ಅವಳ ಬೆರಳಿನ ಖಾಕಿ ಬಣ್ಣ ಎರಡು ರೆಪ್ಪೆಗೂ ಹತ್ತಿತ್ತು. ಮೈ ತೊಳೆಸುವಾಗಲೂ ಅದು ಹೋಗಲಿಲ್ಲ. ಹಾಗೇ ಮಣ್ಣು ಮಾಡಿದರು.

ರಘುನಂದನ್ ಒಂದು ತಿಂಗಳು ಸುಮ್ಮನಿದ್ದ. ಆಮೇಲೆ ಕಣ್ಣಿನ ಕೆಲಸ ನೀನೇ ಮಾಡು ಎಂದು ದ್ಯಾವಮ್ಮನಿಗೆ ಹೇಳಿದ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದವಳು ಅವಳೊಬ್ಬಳೇ. ಅವಳು ಗಂಡನ ಕುಂಚ, ಎರಡು ಸೀಸೆ ಬಣ್ಣ, ಮನೆಯಲ್ಲಿ ಕೈ ಕೂರಿಸಿಕೊಳ್ಳುತ್ತೇನೆ ಎಂದು ಕೇಳಿ ತಂದಳು. ಕೆಟ್ಟ ಎರಕದ ಮುರುಕು ತಲೆಗಳ ಮೇಲೆ ಗೀರು, ಚುಕ್ಕೆ ಹಾಕಿ ಹಾಕಿ ಅಳಿಸಿದಳು. ಕೊನೆಗೆ ಕೈ ಕೂತಿತು.

ಕೈ ಕೂತ ಮೇಲೆ ಅವಳಿಗೆ ಒಂದು ಯೋಚನೆ ಬಂತು. ಬಂದದ್ದನ್ನು ಮಂಚಮ್ಮನಿಗೆ ಹೇಳಲಿಲ್ಲ. ಎಡೆಗೆ ಏನು ಇಡಲಿ, ಅವನ ಗುರುತು ಒಂದೂ ಇಲ್ಲವಲ್ಲ ಎಂದಷ್ಟೇ ಕೇಳಿದಳು.

"ಕಳಸ ಮಡಗು. ಅವ್ನ ಪಂಚೆ ಮಡಗು," ಎಂದಳು ಮಂಚಮ್ಮ. "ನಮ್ಮತ್ತೆ ಮಾವುಂಗೆಲ್ಲ ಅಂಗೇ ಮಡಗಿದ್ದು. ಸತ್ತೋರ್ಗೆ ಮನೆ ದಾರಿ ಗೊತ್ತು ಕಣಮ್ಮಿ."

ದ್ಯಾವಮ್ಮನಿಗೆ ದಾರಿಯ ಚಿಂತೆ ಇರಲಿಲ್ಲ. ಬಂದವನನ್ನು ತಾನು ಗುರುತು ಹಿಡಿಯಬೇಕಲ್ಲ ಎಂಬ ಚಿಂತೆ.

ಭಾನುವಾರ ಮಧ್ಯಾಹ್ನ. ಮಂಚಮ್ಮ ಜಗಲಿಯಲ್ಲಿ ಮಲಗಿದ್ದಳು. ಬಿಸಿಲು ಬಾಗಿಲಿನಿಂದ ನಡುಮನೆಯವರೆಗೆ ಬಿದ್ದಿತ್ತು. ದ್ಯಾವಮ್ಮ ಗೂಡಿನ ಕುರುಡರ ಸಾಲಿನಿಂದ ಒಬ್ಬ ಕಾವಲಿನವನನ್ನು ಎತ್ತಿಕೊಂಡಳು. ಅವನಿಗೆ ಖಾಕಿ ಹಾಕಿದವಳು ಅವಳೇ. ಮುಖದ ಬಣ್ಣ ಚಲುವಯ್ಯನದು. ಬಾಗಿಲ ಬೆಳಕಿಗೆ ಕೂತಳು. ಮುಂದೆ ಒಂದು ತಟ್ಟೆಯಲ್ಲಿ ಪುರಿ ಬೆಲ್ಲ ಇಟ್ಟಳು. ಅದನ್ನು ಮರೆಯಲಿಲ್ಲ.

ಮುಖ ನೆನಪಿನಲ್ಲಿ ಇರಲಿಲ್ಲ. ಆದರೆ ಕೈಯಲ್ಲಿ ಇತ್ತು. ಜ್ವರ ಬಂದಾಗ ಒದ್ದೆ ಬಟ್ಟೆ ಒತ್ತಿದ ಕೈ. ಹಣೆಯ ಎಡಗಡೆ ಒಂದು ತಗ್ಗು ಇತ್ತು ಎಂದು ಬೆರಳು ಹೇಳಿತು. ಅಲ್ಲಿ ಒಂದು ಕಂದು ಗೆರೆ ಎಳೆದಳು. ಮೂಗಿನ ಪಕ್ಕ ಒಂದು ಮಡಿಕೆ. ಮೇಲ್ತುಟಿ ತೆಳು. ಒಂದೊಂದೇ ಬಂತು. ಆಮೇಲೆ ಮಗ್ಗುಲಾಗಿ ಕೂತು, ಅವನ ಮುಖ ಪುರಿಯ ತಟ್ಟೆಗೆ ಮಾಡಿ, ಬಿಳಿ ಗೀರು ಹಾಕಿದಳು. ಎಡಗಣ್ಣಿನ ಚುಕ್ಕೆ ಇಟ್ಟಳು. ಉಸಿರು ಹಿಡಿದು ಬಲಗಣ್ಣಿನ ಹತ್ತಿರಕ್ಕೆ ಕುಂಚ ಒಯ್ದಳು.

ಮುಟ್ಟಿಸುವ ಮೊದಲೇ ಅವಳಿಗೆ ತಡೆಯಲಾಗಲಿಲ್ಲ. ಅವನೇ ಹೌದೋ ಅಲ್ಲವೋ ನೋಡಬೇಕಿತ್ತು. ಅವನು ನಿಂತಿದ್ದ ಮುಚ್ಚಳವನ್ನು ಕೈಯಲ್ಲೇ ತಿರುಗಿಸಿ ಮುಖ ತನ್ನ ಕಡೆ ಮಾಡಿಕೊಂಡಳು. ಚುಕ್ಕೆ ಬಿದ್ದದ್ದು ಆಗ.

ಚಲುವಯ್ಯ ಅವಳನ್ನು ನೋಡಿದ.

ಅವನೇ. ಅವರೆಕಾಳಿಗಿಂತ ಚಿಕ್ಕ ಮುಖದಲ್ಲಿ ಇಡೀ ಅವನೇ. ದ್ಯಾವಮ್ಮ ಅಳಲಿಲ್ಲ. ಬಿಸಿಲು ಹೊಸ್ತಿಲ ಆಚೆಗೆ ಸರಿಯುವವರೆಗೂ ನೋಡುತ್ತ ಕೂತಿದ್ದಳು. ಆಮೇಲೆ ಪುರಿಯ ತಟ್ಟೆ ಕಣ್ಣಿಗೆ ಬಿತ್ತು. ಅದು ಅವನ ಬೆನ್ನ ಹಿಂದೆ ಇತ್ತು.

ತಪ್ಪಾಯಿತು ಎಂದು ಅವಳಿಗೆ ಆಗಲೇ ಗೊತ್ತಾಯಿತು. ಆದರೂ ಸಂತೋಷ ದೊಡ್ಡದಿತ್ತು. ಮುಖ ಸಿಕ್ಕಿತಲ್ಲ. ಅವನನ್ನು ಗೂಡಿನಲ್ಲಿ ಕುರುಡರ ಸಾಲಿನ ನಡುವೆ ನಿಲ್ಲಿಸಿ ಒಲೆ ಹಚ್ಚಲು ಎದ್ದಳು.

ಜಗಲಿಯಿಂದ ಮಂಚಮ್ಮ ಕೂಗಿ, ಒಳಗೆ ಯಾರು ಬಂದಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಎಂದಳು ದ್ಯಾವಮ್ಮ.

ಅಂದಿನಿಂದ ಕೋಳಿಗಳು ನಡುಮನೆಗೆ ಬರಲಿಲ್ಲ. ಹೊಸ್ತಿಲವರೆಗೆ ಬಂದು, ಕತ್ತು ಓರೆ ಮಾಡಿ ಗೂಡನ್ನು ನೋಡಿ, ಹಿಂದಕ್ಕೆ ಹೋಗುತ್ತಿದ್ದವು. ಮಂಚಮ್ಮ ಗೂಡಿನ ಕೆಳಗಿನ ತನ್ನ ಚಾಪೆ ಎತ್ತಿಕೊಂಡು ಹಟ್ಟಿಗೆ ಹೋದಳು. ಯಾಕೆ ಎಂದರೆ, ಅಲ್ಲಿ ಮಲಗಿದರೆ ಮೇಲೆ ಯಾರೋ ಬಗ್ಗಿ ನಿಂತ ಹಾಗೆ ಬೆಳಕು ಮರೆಯಾಗುತ್ತದೆ ಎಂದಳು. ದ್ಯಾವಮ್ಮ ಒಲೆಯ ಮುಂದೆ ಕೂತರೆ ಬೆನ್ನಿಗೆ ನೋಟ ತಾಗುತ್ತಿತ್ತು. ತಿರುಗಿದರೆ ಅವನು ಇತ್ತಲೇ ನೋಡುತ್ತಿದ್ದ. ನೀರಿನ ಗುಡಾಣದ ಹತ್ತಿರ ಹೋದರೆ ಅಲ್ಲಿಗೇ. ಗೂಡಿಗೆ ಬಟ್ಟೆ ಇಳಿಬಿಟ್ಟಳು. ಬಟ್ಟೆಯ ಹಿಂದೆಯೂ ನೋಡುತ್ತಿದ್ದ. ಒಂದು ಬೆಳಿಗ್ಗೆ ಬಟ್ಟೆ ಸರಿಸಿದರೆ, ಮುಂದಕ್ಕೆ ಮುಖ ಮಾಡಿ ನಿಲ್ಲಿಸಿದ್ದ ಕುರುಡರೆಲ್ಲ ಅವನ ಕಡೆಗೆ ತಿರುಗಿದ್ದರು. ಕಣ್ಣಿಲ್ಲದ ಆ ಮುಖಗಳೆಲ್ಲ ಒಬ್ಬ ಕಣ್ಣಿದ್ದವನನ್ನು ಏನೋ ಕೇಳುತ್ತಿರುವ ಹಾಗಿತ್ತು. ಇಲಿ ಓಡಾಡಿರಬೇಕು ಅಂದುಕೊಂಡು ನೆಟ್ಟಗೆ ಮಾಡಿದಳು. ಮಾರನೇ ದಿನವೂ ಹಾಗೇ. ಆಮೇಲೆ ನೆಟ್ಟಗೆ ಮಾಡುವುದನ್ನು ಬಿಟ್ಟಳು.

ಉಣ್ಣಲು ಕೂತರೆ ಮುದ್ದೆ ಮುರಿದು ಹಾಗೇ ಬಿಡುತ್ತಿದ್ದಳು. ಅವನು ನೋಡುತ್ತಿದ್ದ. ಅನ್ನವನ್ನಲ್ಲ, ಅವಳನ್ನು. ಒಂದು ತುತ್ತು ಗೂಡಿನ ಮುಂದೆ ಇಟ್ಟಳು. ಒಣಗಿ ಕಲ್ಲಾಯಿತು. ಇರುವೆ ಕೂಡ ಮುಟ್ಟಲಿಲ್ಲ. ಬಳೆಯಿಲ್ಲದ ಕೈ ಇನ್ನೂ ಸಣ್ಣಗಾಯಿತು. ರವಿಕೆ ಸಡಿಲವಾಯಿತು. ಶೆಡ್ಡಿನಲ್ಲಿ ಕುಳ್ಳಮ್ಮ ಒಂದು ದಿನ ಅವಳ ರಟ್ಟೆ ಹಿಡಿದು ನೋಡಿದಳು.

"ಏನಮ್ಮಿ, ನೀನೂ ತಟ್ಟೆ ಮ್ಯಾಲೆ ನಿಂತ್ಕತೀಯಾ? ಒಂದ್ ಮುಚ್ಚಳ ತತ್ತೀನಿ ತಡಿ," ಎಂದಳು.

ಹೆಂಗಸರು ನಕ್ಕರು. ಕುಳ್ಳಮ್ಮ ನಗಲಿಲ್ಲ. ದ್ಯಾವಮ್ಮನಿಗೆ ಬೇಸರವೇನೂ ಆಗಲಿಲ್ಲ. ನಿಲ್ಲಬಹುದು ಅನ್ನಿಸಿತು. ಅದೇ ಅವಳಿಗೆ ಮೊದಲ ಸಲ ಹೆದರಿಕೆ ಹುಟ್ಟಿಸಿತು. ಆ ಗೂಡಿನಲ್ಲಿ ಇನ್ನೊಬ್ಬರಿಗೆ ಜಾಗ ಇದೆ ಎಂದು ಬಸ್ಸಿನಲ್ಲಿ ಬರುತ್ತ ಅವಳು ಲೆಕ್ಕ ಹಾಕುತ್ತಿದ್ದಳು.

ಮಹಾಲಯ ಅಮಾವಾಸ್ಯೆ ಬಂತು. ಮನೆ ಸಾರಿಸಿದಳು. ಕೋಳಿ ಸಾರು, ಮುದ್ದೆ, ಕಜ್ಜಾಯ, ಅವರೆಕಾಳು. ಅವನಿಗೆ ಇಷ್ಟ ಎಂದು ಬೀಡಿ ಕಟ್ಟು, ಸಾರಾಯಿ ಪಾಕೀಟು. ನಡುಮನೆಯಲ್ಲಿ ಮಣೆ ಹಾಕಿ, ಅದರ ಮೇಲೆ ಅವನ ಪಂಚೆ ಮಡಿಸಿ ಇಟ್ಟು, ಪಂಚೆಯ ಮೇಲೆ ಕಾವಲಿನವನನ್ನು ನಿಲ್ಲಿಸಿದಳು. ಮುಖ ಎಲೆಯ ಕಡೆಗೆ. ಎರಡು ಸಲ ನೋಡಿಕೊಂಡಳು, ಎಲೆಯ ಕಡೆಗೇ ಇತ್ತು. ದೀಪ ಹಚ್ಚಿ, ಸಾಂಬ್ರಾಣಿ ಹಾಕಿ, ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಹಿರಿಯರು ಉಣ್ಣುವಾಗ ಮನೆಯವರು ನೋಡಬಾರದು. ಅತ್ತೆ ಸೊಸೆ ಜಗಲಿಯಲ್ಲಿ ಕೂತರು. ಮಧ್ಯಾಹ್ನದ ಬಿಸಿಲು. ಊರಿನ ಎಲ್ಲ ಮನೆಯ ಬಾಗಿಲುಗಳೂ ಮುಚ್ಚಿದ್ದವು. ಎಲ್ಲರ ಮನೆಯವರೂ ಜಗಲಿಯಲ್ಲಿ. ಮಾತಿಲ್ಲ. ಊರಿನೊಳಗೆಲ್ಲ ಸತ್ತವರು ಉಣ್ಣುತ್ತಿದ್ದರು.

ಬೇರೆ ಮನೆಗಳ ಬಾಗಿಲು ಒಂದೊಂದಾಗಿ ತೆರೆದವು. ದ್ಯಾವಮ್ಮ ಎದ್ದು ಮೂರು ಸಲ ಕದ ತಟ್ಟಿ ನೂಕಿದಳು. ನೂಕಲು ಬಲ ಹಾಕಬೇಕಾಯಿತು, ಒಳಗಿನಿಂದ ಯಾರೋ ಒತ್ತಿಕೊಂಡು ನಿಂತ ಹಾಗೆ.

ಎಲೆ ಇಟ್ಟದ್ದು ಇಟ್ಟ ಹಾಗೇ ಇತ್ತು. ಮುದ್ದೆಯ ಮೇಲೆ ಬೆರಳಿನ ಗುರುತಿಲ್ಲ. ಲೋಟದ ನೀರು ತಗ್ಗಿಲ್ಲ. ಕಜ್ಜಾಯಕ್ಕೆ ಒಂದು ಇರುವೆ ಇಲ್ಲ. ಕಾವಲಿನವನು ಮಣೆಯ ಮೇಲೆ ಇರಲಿಲ್ಲ. ಹೊಸ್ತಿಲ ಒಳಗೆ, ಬಾಗಿಲಿಗೆ ಅಂಟಿದ ಹಾಗೆ ನಿಂತಿದ್ದ. ಮುಖ ಮೇಲಕ್ಕೆ. ಅವಳ ಕಡೆಗೆ.

ಮಂಚಮ್ಮ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಎಡೆಯನ್ನು ತಡವಿ ನೋಡಿದಳು. ಆಮೇಲೆ ಬಗ್ಗಿ ನೆಲ ತಡವಿ, ಹೊಸ್ತಿಲ ಹತ್ತಿರ ಅವನನ್ನು ಹುಡುಕಿ ಎತ್ತಿಕೊಂಡಳು. ಎಲ್ಲಿದ್ದಾನೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಬೆರಳ ತುದಿಯಿಂದ ಮುಖ ಸವರಿದಳು. ಹಣೆಯ ತಗ್ಗಿಗೆ ಬೆರಳು ನಿಂತಿತು.

"ನಮ್ಮೈದ, ನನ್ ಮಗ," ಎಂದಳು. "ಕಣ್ಣ್ ಬುಟ್ಟವ್ನೆ."

ಸೊಸೆಯ ಕಡೆ ಮುಖ ತಿರುಗಿಸಿದಳು.

"ಕಣ್ಣ್ ಬುಟ್ಟಾಗ ಮೊದ್ಲು ಏನ್ ನೋಡ್ದ?"

"ನನ್ನ."

"ಅನ್ನ ಮಡಗಿರ್ನಿಲ್ವಾ?"

"ಮಡಗಿದ್ದೆ. ನಾನೇ ಇತ್ತಾಗಿ ತಿರುಗಿಸ್ಕಂಡೆ. ಅವ್ನ ಮೊಕ ನೋಡ್ಬೇಕಾಗಿತ್ತು ಕಣತ್ತೆ. ಮರ್ತೋಗಿತ್ತು."

ಮಂಚಮ್ಮ ಬೈಯುತ್ತಾಳೆ ಎಂದು ದ್ಯಾವಮ್ಮ ಕಾದಳು. ಬೈಯಲಿಲ್ಲ.

"ಅನ್ನ ನೋಡಿದ್ರೆ ಉಂಡು ಓಯ್ತಿದ್ದ. ನಿನ್ ನೋಡವ್ನೆ. ನಿನ್ನೇ ಕೇಳ್ತಾನೆ," ಎಂದಳು. "ಸೀಮೆಎಣ್ಣೆ ಆಕಿ ಅಳಿಸ್ಬುಡು ಮಗ. ಇಲ್ದಿದ್ರೆ ಇವತ್ತಲ್ಲ ನಾಳೆ ನೀನೇ ಎದ್ದೋಯ್ತೀಯ. ನಂಗ್ಯಾರು ಗಂಜಿ ಕಾಸೋರು?"

ಸೀಮೆಎಣ್ಣೆ ಬುಡ್ಡಿ ಒಲೆಯ ಪಕ್ಕದಲ್ಲೇ ಇತ್ತು. ದ್ಯಾವಮ್ಮ ಒಂದು ಬಟ್ಟೆಯ ತುದಿಯನ್ನು ಅದರಲ್ಲಿ ಅದ್ದಿದಳು. ಅವನನ್ನು ಕೈಗೆ ತೆಗೆದುಕೊಂಡಳು. ಒರೆಸಿದರೆ ಕಣ್ಣಷ್ಟೇ ಹೋಗುವುದಿಲ್ಲ. ಹಣೆಯ ತಗ್ಗು, ತುಟಿ, ಮಡಿಕೆ, ಎಲ್ಲ ಹೋಗಿ ಬರೀ ಸೀಸ ಉಳಿಯುತ್ತದೆ. ಮತ್ತೆ ಬರೆಯೋಣ ಎಂದರೆ ಕೈಯಲ್ಲಿದ್ದದ್ದನ್ನೆಲ್ಲ ಒಂದೇ ಸಲಕ್ಕೆ ಬರೆದು ಮುಗಿಸಿದ್ದಳು. ಇನ್ನೊಂದು ಸಲ ಬರುವುದಿಲ್ಲ. ಅಳಿಸಿದರೆ ತಾನು ಉಳಿಯಬಹುದು, ಅವನ ಮುಖ ಹೋಗುತ್ತದೆ. ಬಿಟ್ಟರೆ ಮುಖ ಉಳಿಯುತ್ತದೆ.

ಬಟ್ಟೆ ಒಣಗಿತು. ಅವಳು ಅಳಿಸಲಿಲ್ಲ.

ಮಾರನೇ ದಿನ ಅವನನ್ನು ಎಲೆಯಡಿಕೆಯ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿಕೊಂಡು ಬಸ್ಸು ಹತ್ತಿದಳು. ಡಬ್ಬಿ ಮಡಿಲಲ್ಲಿತ್ತು. ಪಾಂಡವಪುರ ದಾಟುವವರೆಗೂ ಡಬ್ಬಿಯ ಬಿಸಿ ತೊಡೆಗೆ ತಾಗುತ್ತಿತ್ತು. ಶೆಡ್ಡಿಗೆ ಬಂದು ಚಲುವಯ್ಯ ಸತ್ತ ಜಾಗದಲ್ಲೇ, ಅವನು ಒರಗಿದ ಗೋಡೆಗೇ ಒರಗಿ ಕೂತಳು. ಅವನು ಹೋದ ಮೇಲೆ ಆ ಜಾಗದಲ್ಲಿ ಯಾರೂ ಕೂತಿರಲಿಲ್ಲ. ಹೆಂಗಸರ ಕೈ ನಿಂತಿತು. ಡಬ್ಬಿ ತೆರೆದಳು. ಅವನು ನೋಡುತ್ತಿದ್ದ. ಈ ಸಲ ಅವಳು ಮಗ್ಗುಲಾಗಲಿಲ್ಲ. ಎದುರಿಗೇ ಹಿಡಿದಳು.

"ನೋಡಿದ್ದು ಸಾಕು," ಎಂದಳು. "ನಾನು ಇಲ್ಲೇ ಇರ್ತೀನಿ. ನೀನು ಮನಿಕ್ಕೊ."

ಮೈಬಣ್ಣದ ಸೀಸೆಯಿಂದ ಒಂದು ತೊಟ್ಟು ತೆಗೆದು ಅದಕ್ಕೆ ಖಾಕಿ ಒಂದಿಷ್ಟೇ ಬೆರೆಸಿದಳು. ಅಂದು ಅವನ ರೆಪ್ಪೆಗೆ ಹತ್ತಿದ್ದ ಬಣ್ಣ ಅದೇ. ಬಲಗಣ್ಣಿನ ಮೇಲಿನಿಂದ ಕೆಳಕ್ಕೆ ಒಂದು ಎಳೆ ಎಳೆದಳು. ಎಡಗಣ್ಣಿಗೆ ಇನ್ನೊಂದು. ಬಣ್ಣ ಜಾರಿತು. ಬಿಳಿ ಮತ್ತೆ ಕಂಡಿತು. ಮತ್ತೆ ಎಳೆದಳು. ಮತ್ತೆ ಜಾರಿತು. ಆಗ ಕುಂಚ ಬಿಟ್ಟು, ಹೆಬ್ಬೆರಳು ಇಟ್ಟು, ಅಂದಿನ ಹಾಗೆಯೇ ಒತ್ತಿ ಹಿಡಿದು ಕೂತಳು. ಬೆರಳಿನ ಕೆಳಗೆ ಏನೋ ಅಲುಗಿದಂತಾಯಿತು. ಚಿಟ್ಟೆಯನ್ನು ಹಿಡಿದ ಹಾಗೆ. ಆಮೇಲೆ ನಿಂತಿತು.

ಕೈ ತೆಗೆದಾಗ ಮುಚ್ಚಿದ್ದವು. ಹಣೆಯ ತಗ್ಗು ಹಾಗೇ ಇತ್ತು. ತುಟಿ ಹಾಗೇ ಇತ್ತು. ಮಣ್ಣು ಮಾಡುವ ಮೊದಲು ಕಂಡ ಮುಖ. ಅವಳಿಗೆ ಅವನು ಪೂರ್ತಿ ನೆನಪಾದ. ಸ್ಕೂಲಿನ ಜಗಲಿಯಲ್ಲಿ ಸೀನಿ, ನಾಚಿ, ನಕ್ಕಿದ್ದು ಕೂಡ. ಆಗ ಅತ್ತಳು. ಕುಳ್ಳಮ್ಮ ಬಂದು ಪಕ್ಕದಲ್ಲಿ ಕೂತಳು.

ರಘುನಂದನ್ ಬಂದ. ಅವಳ ಮುಂದಿದ್ದವನನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಯಾರೆಂದು ಅವನಿಗೂ ತಿಳಿಯಿತು. ಕಾವಲಿನವನು ನಿದ್ದೆ ಮಾಡಬಾರದಲ್ಲ ದ್ಯಾವಮ್ಮ, ಎಂದ.

"ಇವ್ರ ಕಾಲ್ದಲ್ಲಿ ಯುದ್ಧ ಇಲ್ಲ ಅಂದಿದ್ರಂತಲ್ಲ ಸಾ," ಎಂದಳು ಅವಳು. "ಮನಿಕ್ಕೊಳ್ಲಿ ಬುಡಿ."

ರಘುನಂದನ್ ಅವನನ್ನು ಎರಡೂ ಕೈಯಲ್ಲಿ ಹಿಡಿದು ಡಬ್ಬಿಯ ಹತ್ತಿಯ ಮೇಲೆ ಇಟ್ಟ.

ಅವತ್ತು ಸಂಜೆ ಮನೆಗೆ ಬಂದು, ಹಿಂದಿನ ದಿನದ ಕಜ್ಜಾಯವನ್ನೇ ಗೂಡಿನ ಮುಂದೆ ಇಟ್ಟಳು. ದೀಪ ಹಚ್ಚುವುದರೊಳಗೆ ಗೋಡೆಯ ಬಿರುಕಿನಿಂದ ಇರುವೆಯ ಸಾಲು ಇಳಿದು ಬಂತು. ಮಂಚಮ್ಮ ಚಾಪೆ ತಂದು ಮತ್ತೆ ಗೂಡಿನ ಕೆಳಗೆ ಹಾಸಿಕೊಂಡಳು. ದ್ಯಾವಮ್ಮ ಒಂದು ಮುದ್ದೆ ಉಂಡಳು. ಕುರುಡರು ಬಾಗಿಲ ಕಡೆಗೆ ಮುಖ ಮಾಡಿ ನಿಂತಿದ್ದರು.

ಶೆಡ್ಡಿನಲ್ಲಿ ಕಣ್ಣಿನ ಕೆಲಸ ಈಗ ಅವಳದೇ. ಮಗ್ಗುಲಲ್ಲಿ ಕೂರುತ್ತಾಳೆ. ಪುರಿ ಬೆಲ್ಲ ಇಡದೆ ಕುಂಚ ಎತ್ತುವುದಿಲ್ಲ. ತಟ್ಟೆಗೊಬ್ಬ ಕುರುಡನನ್ನು ಬಿಡುತ್ತಾಳೆ. ಯಾರ ಮುಖವನ್ನೂ ತನ್ನ ಕಡೆ ತಿರುಗಿಸಿ ನೋಡುವುದಿಲ್ಲ. ಅವಳು ಬರೆದ ಕಣ್ಣು ಅವನದರ ಹಾಗೇ ಇರುತ್ತದೆ ಎಂದು ರಘುನಂದನ್ ಹೇಳುತ್ತಾನೆ.

ಪ್ರತಿ ವರ್ಷ ಪಕ್ಷ ಹತ್ತಿರ ಬಂದಾಗ ಕಾವಲಿನವನ ರೆಪ್ಪೆಯ ಬಣ್ಣ ಬಿರಿಯುತ್ತದೆ. ಸಣ್ಣ ಬಿರುಕು. ಒಳಗಿನಿಂದ ಬಿಳಿ ಇಣುಕುತ್ತದೆ. ಆಗ ಅವಳು ಡಬ್ಬಿಯಲ್ಲಿ ಹಾಕಿಕೊಂಡು ಬಂದು, ಖಾಕಿ ಬೆರೆಸಿ, ಹೆಬ್ಬೆರಳು ಒತ್ತಿ ಮತ್ತೆ ಮುಚ್ಚುತ್ತಾಳೆ. ಎರಡು ಮೂರು ಸಲ ದಪ್ಪಗೆ ಬಳಿದುಬಿಟ್ಟರೆ ಇನ್ನು ಬಿರಿಯುವುದೇ ಇಲ್ಲ ಎಂದು ಕುಳ್ಳಮ್ಮ ಹೇಳಿಕೊಟ್ಟಿದ್ದಾಳೆ.

ದ್ಯಾವಮ್ಮ ತೆಳ್ಳಗೇ ಬಳಿಯುತ್ತಾಳೆ.